ಸಿಸ್ಟರ್ ಪಾಸಾದರಷ್ಟೇ ಸಾಲದು, ಪೇಶಂಟನ ಮಾತೂ ತಿಳಿಯಬೇಕು

ಸೊಲ್ಲಾಪುರ: ಗಡಿಭಾಗದ ಕನ್ನಡ ಮನೆಗಳ ಹೆಣ್ಣುಮಕ್ಕಳು ನರ್ಸಿಂಗ್ ಕಡೆ ಮುಖ ಮಾಡಿರುವುದು ಈಗ ಹೊಸ ಸುದ್ದಿಯೇನಲ್ಲ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಪೇಟೆಯಲ್ಲಿ ಮರಾಠಿ ರೂಢಿಸಿಕೊಂಡು, ಕೊನೆಗೆ ಇಂಗ್ಲಿಷಿನಲ್ಲಿ ನರ್ಸಿಂಗ್ ಪುಸ್ತಕ ಓದುವ ಹುಡುಗಿಯರು ಸಾಕಷ್ಟು ಮಂದಿ ಇದ್ದಾರೆ. ಒಂದು ತಲಿಯೊಳಗ ಮೂರು ಭಾಷೆ. ಇದನ್ನು ಹೊರೆ ಅನ್ನುವವರೇ ಹೆಚ್ಚು. ನಿಜ ನೋಡಿದರೆ ಇದೇ ಅವರ ಬಂಡವಾಳ. ಆದರೆ ಪರೀಕ್ಷೆಯ ಲೆಕ್ಕದಲ್ಲಿ ಈ ಬಂಡವಾಳಕ್ಕೆ ಜಮಾ ಬಾಜೂ ಇಲ್ಲ ಎಂಬುದೇ ದುಃಖದ ಸಂಗತಿ.

ವಿಷಯ ಏನೆಂದರೆ, ನರ್ಸ್ ಈಗ ಸೂಜಿ ಚುಚ್ಚುವ, ಪಟ್ಟಿ ಕಟ್ಟುವ ಸಿಸ್ಟರ್ ಮಾತ್ರ ಆಗಿ ಉಳಿದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ ಯೋಜನೆಯಡಿ ದೇಶದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾಡಲು ಹೊರಟಿತು. ಮೊದಲನೆಯದು ಆ ವರ್ಷ ಏಪ್ರಿಲ್ 14ರಂದು ಛತ್ತೀಸಗಡದ ಬಿಜಾಪುರ ಜಿಲ್ಲೆಯ ಜಾಂಗ್ಲಾದಲ್ಲಿ ಶುರುವಾಯಿತು. 2023ರಲ್ಲಿ ಇವಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು ಬಂತು. ಬಯಲು ಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಅಲ್ಲಿ ಕೂಡುವವರು ಸಮುದಾಯ ಆರೋಗ್ಯ ಅಧಿಕಾರಿ. ಊರವರ ಬಾಯಲ್ಲಿ ಸಿ.ಎಚ್.ಓ. ಮೇಡಂ, ಇಲ್ಲವೆ ಬರೇ ಸಿಸ್ಟರ್. ಮಹಾರಾಷ್ಟ್ರದಲ್ಲಿ ಆಯುರ್ವೇದ ಪದವೀಧರರೂ ಈ ಹುದ್ದೆಯಲ್ಲಿದ್ದಾರೆ, ನರ್ಸಿಂಗ್ ಕಲಿತವರೂ ಇದ್ದಾರೆ.

ನರ್ಸ್‌ಗಳನ್ನು ಈ ಕೆಲಸಕ್ಕೆ ತಯಾರು ಮಾಡಲು 6 ತಿಂಗಳ ಸಮುದಾಯ ಆರೋಗ್ಯ ಸರ್ಟಿಫಿಕೇಟ್ ಕೋರ್ಸ್ ತಂದರು. ಅದರಲ್ಲಿ ಥಿಯರಿ ಇದೆ, ಪ್ರಾಕ್ಟಿಕಲ್ ಇದೆ, ಮಾಡಿದ ಪ್ರತಿ ಕೆಲಸಕ್ಕೆ ಸಹಿ ಹಾಕಿಸುವ ಲಾಗ್‌ಬುಕ್ ಇದೆ, ಕೊನೆಗೆ ಪರೀಕ್ಷೆ ಇದೆ. ಮುಂದೆ ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲೇ ಈ ಭಾಗವನ್ನು ಸೇರಿಸಲಾಯಿತು. ಹೆಸರು ಏನೇ ಇರಲಿ, ಓದಬೇಕಾದ್ದು ಒಂದೇ. ದಿನನಿತ್ಯ ಬರುವ ರೋಗ ಗುರುತಿಸುವುದು, ತನ್ನ ಕೈಲಾದದ್ದನ್ನು ಮಾಡುವುದು, ಆಗದ್ದನ್ನು ಹೊತ್ತು ಮೀರದಂತೆ ಮುಂದಿನ ದವಾಖಾನೆಗೆ ಕಳಿಸುವುದು.

ಅಮೆರಿಕದ ಮಾದರಿ

ನರ್ಸ್ ರೋಗ ನೋಡುವುದು ಇಲ್ಲಿ ಹೊಸದಾಗಿ ಕಾಣಬಹುದು. ಅಮೆರಿಕದಲ್ಲಿ ಇದಕ್ಕೆ 60 ವರ್ಷ ಆಗಿದೆ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಮೊದಲ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ತೆರೆದರು. ಡಾಕ್ಟರ್ ಸಿಗದ ಹಳ್ಳಿ, ಬಡಾವಣೆಗಳೇ ಅವರ ಕಣ್ಣ ಮುಂದಿದ್ದವು. ಇಂದು ಅಲ್ಲಿ ವಯಸ್ಕರ ಪ್ರಾಥಮಿಕ ಆರೈಕೆಗೇ ಬೇರೆ ಪ್ರಮಾಣೀಕರಣ ಪರೀಕ್ಷೆ ಇದೆ. ಅದಕ್ಕೆ ಕೂಡಬೇಕಾದರೆ ಸ್ನಾತಕೋತ್ತರ ಓದು ಬೇಕು, ನೂರಾರು ಗಂಟೆ ರೋಗಿಗಳ ಜೊತೆ ಕಳೆದ ದಾಖಲೆ ಬೇಕು. ಒಂದು ಮಂಡಳಿಯ ಪರೀಕ್ಷೆಯಲ್ಲಿ 3 ಗಂಟೆಗೆ 150 ಪ್ರಶ್ನೆ. ಪಾಸಾದರೂ 5 ವರ್ಷಕ್ಕೊಮ್ಮೆ ನವೀಕರಣ ತಪ್ಪದು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅವರು ಡಾಕ್ಟರ್ ಸಹಿ ಇಲ್ಲದೆಯೇ ಔಷಧಿ ಬರೆಯಬಹುದು.

ನಮ್ಮ ಸಿ.ಎಚ್.ಓ.ಗೆ ಆ ಅಧಿಕಾರ ಇಲ್ಲ, 6 ತಿಂಗಳ ತರಬೇತಿಗೆ ಅಷ್ಟು ಅಧಿಕಾರ ಕೊಡಲೂ ಬಾರದು. ಬಿ.ಪಿ., ಶುಗರ್ ಗುಳಿಗಿ ಯಾವುದು, ಎಷ್ಟು ಎಂಬುದನ್ನು ಡಾಕ್ಟರೇ ಠರಾಯಿಸಬೇಕು. ಕೊಟ್ಟ ಗುಳಿಗಿ ತಪ್ಪದೆ ಮುಟ್ಟಿಸುವುದು, ತಿಂಗಳಿಗೊಮ್ಮೆ ನೋಡುವುದು ಸಿಸ್ಟರ್ ಕೆಲಸ. ಸಂಶಯ ಬಂದರೆ 2019ರಿಂದ ಇರುವ ಈ-ಸಂಜೀವನಿಯಲ್ಲಿ ಡಾಕ್ಟರನ್ನು ಕೇಳಬಹುದು. ಹೀಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ.

ಆದರೆ ಒಂದು ಪಾಠ ಅಲ್ಲಿಂದ ಕಲಿಯುವಂಥದ್ದಿದೆ. ಅವರ ಪರೀಕ್ಷೆ ನಾಲ್ಕು ಹೆಜ್ಜೆಯ ಮೇಲೆ ನಿಂತಿದೆ. ಕೇಳಿ-ನೋಡಿ ಅಳೆಯುವುದು, ರೋಗ ಗುರುತಿಸುವುದು, ಉಪಾಯ ಮಾಡುವುದು, ಮಾಡಿದ್ದು ಫಲ ಕೊಟ್ಟಿತೇ ಎಂದು ಮತ್ತೆ ನೋಡುವುದು. ಈ ನಾಲ್ಕರಲ್ಲಿ ಮೊದಲ ಮತ್ತು ಕೊನೆಯ ಹೆಜ್ಜೆ ಪೂರ್ತಿ ಮಾತಿನ ಮೇಲೆ ನಿಂತವು. ರೋಗಿ ಹೇಳಿದ್ದು ಸಿಸ್ಟರ್‌ಗೆ ತಿಳಿಯಬೇಕು, ಸಿಸ್ಟರ್ ಹೇಳಿದ್ದು ರೋಗಿಗೆ ತಿಳಿಯಬೇಕು. ಮಾತು ತಪ್ಪಿದರೆ ಮುಂದಿನ ಹೆಜ್ಜೆಗಳೂ ತಪ್ಪುತ್ತವೆ.

ಪುಸ್ತಕದ ಪ್ರಶ್ನೆ, ಊರಿನ ಉತ್ತರ

ಉದಾಹರಣೆಗೆ ತಂಬಾಕಿನ ಮಾತು ತೆಗೆದುಕೊಳ್ಳಿ. 30 ವರ್ಷ ದಾಟಿದ ಎಲ್ಲರನ್ನೂ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಾಗಿ ತಪಾಸಣೆ ಮಾಡಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮ. ಅದಕ್ಕೂ ಮೊದಲು ಆಶಾ ತಾಯಿ ಮನಿಮನಿಗೆ ಹೋಗಿ ಒಂದು ಫಾರ್ಮ್ ತುಂಬುತ್ತಾಳೆ. ವಯಸ್ಸು, ಸೊಂಟದ ಅಳತೆ, ತಂಬಾಕು, ದಾರೂ, ಮನೆತನದ ರೋಗ ಎಲ್ಲಕ್ಕೂ ಅಂಕ. ಒಟ್ಟು ಅಂಕ 4 ದಾಟಿದರೆ ತಪಾಸಣೆಗೆ ಮೊದಲು ಕರೆಯಬೇಕು. ಫಾರ್ಮಿನಲ್ಲಿ ಗುಟ್ಕಾ, ಖೈನಿ ಎಂದು ಕೇಳಿದೆ. ನಮ್ಮ ಕಡೆಯ ವಯಸ್ಸಾದ ಹೆಂಗಸು "ಇಲ್ರೀ ಯವ್ವಾ, ನಾ ತಂಬಾಕ ಮುಟ್ಟಂಗಿಲ್ಲ" ಅಂತಾಳೆ. ಸುಳ್ಳು ಹೇಳುತ್ತಿಲ್ಲ. ಆದರೆ ಮುಂಜಾನೆ ಎದ್ದು ಹಲ್ಲಿಗೆ ಮಿಸ್ರಿ ತಿಕ್ಕುತ್ತಾಳೆ. ಮಿಸ್ರಿ ಅಂದರೆ ಸುಟ್ಟ ತಂಬಾಕಿನ ಪುಡಿಯೇ. ಅವಳ ಲೆಕ್ಕದಲ್ಲಿ ಅದು ಹಲ್ಲುಪುಡಿ. "ಮಿಸ್ರಿ ತಿಕ್ತೀರೇನ್ರೀ?" ಎಂದು ಅವಳ ಮಾತಿನಲ್ಲೇ ಕೇಳಿದರೆ ಅಂಕ ಸರಿಯಾಗುತ್ತದೆ, ಬಾಯಿಯೊಳಗೆ ಬಿಳಿ ಮಚ್ಚೆ ಇದೆಯೇ ಎಂದು ನೋಡುವ ನೆನಪೂ ಬರುತ್ತದೆ.

"ಎದಿ ಉರಿತೈತಿ" ಎಂದರೆ ಪಿತ್ತವೂ ಇರಬಹುದು, ಹೃದಯದ ನೋವೂ ಇರಬಹುದು. ಎಲ್ಲಿ, ಯಾವಾಗ, ನಡೆದಾಗ ಹೆಚ್ಚೋ, ಉಂಡಾಗ ಹೆಚ್ಚೋ, ಬೆವರು ಬರತೈತೋ ಎಂದು ಕೆದಕಿ ಕೇಳದ ಹೊರತು ತಿಳಿಯದು. "ಕಾಲಾಗ ಜುಮ್ಮ ಅಂತೈತಿ, ಚಪ್ಪಲಿ ಕಳಚಿದ್ದೂ ಗೊತ್ತಾಗಂಗಿಲ್ಲ" ಎಂದರೆ ಸಕ್ಕರೆ ಕಾಯಿಲೆ ನರಕ್ಕೆ ಇಳಿದಿರಬಹುದು ಎಂಬ ಸೂಚನೆ. "ಬಿಳಿ ಹೋಗತೈತಿ" ಎಂಬ ಮಾತನ್ನು ನಮ್ಮ ಹೆಣ್ಣುಮಕ್ಕಳು ಮಗನನ್ನೋ ಮೊಮ್ಮಗನನ್ನೋ ದುಭಾಷಿ ಮಾಡಿಕೊಂಡು ಹೇಳುವುದು ಸಾಧ್ಯವೇ? ಗರ್ಭಕೊರಳಿನ ತಪಾಸಣೆಗೆ ಹೆಂಗಸರು ಬರುವುದಿಲ್ಲ ಎಂದು ವರದಿ ಬರೆಯುವವರು ಈ ಪ್ರಶ್ನೆ ಕೇಳಿಕೊಳ್ಳಲಿ.

ರಕ್ತದೊತ್ತಡದ್ದೂ ಅದೇ ಕತೆ. 5 ನಿಮಿಷ ಸುಮ್ಮನೆ ಕೂಡ್ರಿಸಿ, ಪಾದ ನೆಲಕ್ಕೆ ಊರಿಸಿ, ತೋಳು ಎದೆಯ ಮಟ್ಟಕ್ಕೆ ಇಟ್ಟು, ಎರಡು ಸಲ ಅಳೆಯಬೇಕು, ಅರ್ಧ ತಾಸಿನೊಳಗೆ ಚಹಾ-ತಂಬಾಕು ಆಗಿರಬಾರದು ಎಂಬುದು ಪರೀಕ್ಷೆಗೆ ಬರುವ ಉತ್ತರ. 140/90 ಅಥವಾ ಅದಕ್ಕೂ ಹೆಚ್ಚಿದ್ದರೆ ಎಚ್ಚರ ಎಂಬುದೂ ಬಾಯಿಪಾಠ. ಆದರೆ "ಆರಾಮ ಆತು, ಗುಳಿಗಿ ಬಿಟ್ಟೆ" ಎನ್ನುವ ಮುದುಕನಿಗೆ, ಆರಾಮ ಇರುವುದೇ ಗುಳಿಗಿಯಿಂದ ಎಂದು ತಿಳಿಸಿ ಹೇಳಲು ಯಾವ ಗೈಡ್ ಓದಬೇಕು? ಜತ್ತದ ಬರಡು ಸೀಮೆಯಿಂದ ದೀಪಾವಳಿ ಹೊತ್ತಿಗೆ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳು ಕಾರ್ಖಾನೆ ಹಂಗಾಮು ಮುಗಿದ ಮೇಲೆ ಊರಿಗೆ ಬರುವುದು. ಅಲ್ಲಿಯತನಕ ಗುಳಿಗಿ ಎಲ್ಲಿ ಸಿಗುತ್ತದೆ ಎಂದು ಹೊರಡುವ ಮುಂಚೆಯೇ ಕೂಡ್ರಿಸಿ ಹೇಳುವುದು ಸಿಸ್ಟರ್ ಕೆಲಸ.

ಇನ್ನು ಕಾಗದಪತ್ರದ ಗೋಳು. ಉಮದಿ ಕಡೆಯವರಿಗೆ ವಿಜಯಪುರ ಹತ್ತಿರ. ಚಡಚಣದವರಿಗೆ ಸೊಲ್ಲಾಪುರ ಹತ್ತಿರ. ರೋಗಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಒಂದೇ ಚೀಲದಲ್ಲಿ ಮರಾಠಿ ಕಾರ್ಡು, ಕನ್ನಡ ಚೀಟಿ, ಇಂಗ್ಲಿಷ್ ರಿಪೋರ್ಟು. ಮೂರೂ ಓದಬಲ್ಲ ಸಿಸ್ಟರ್ ಸಿಕ್ಕರೆ ಎರಡೆರಡು ಕಡೆಯ ಒಂದೇ ಗುಳಿಗಿ ಎರಡು ಹೆಸರಿನಲ್ಲಿ ನುಂಗುವುದು ತಪ್ಪುತ್ತದೆ. ಅಂಥ ಸಿಸ್ಟರ್ ಗಡಿಯ ಹಳ್ಳಿಗಳಲ್ಲೇ ಹುಟ್ಟುತ್ತಾಳೆ, ಆದರೆ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಮುಂದೆ ಎಡವುತ್ತಾಳೆ. ಇಲ್ಲವೆ ಪಾಸಾಗಿ, ಕನ್ನಡವೇ ಕೇಳದ ದೂರದ ಊರಿಗೆ ನೇಮಕವಾಗುತ್ತಾಳೆ.

ಏನು ಮಾಡಬೇಕು?

ಪರೀಕ್ಷೆ ಸಡಿಲ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಜೀವದ ವಿಷಯದಲ್ಲಿ ಗ್ರೇಸ್ ಮಾರ್ಕ್ಸ್ ಬೇಡವೇ ಬೇಡ. ಔಷಧಿಯ ಹೆಸರು ಇಂಗ್ಲಿಷಿನಲ್ಲೇ ಇರಲಿ, ರಜಿಸ್ಟರ್ ಮರಾಠಿಯಲ್ಲೇ ಇರಲಿ. ಕೇಳುವುದು ಇಷ್ಟೇ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಂದು ಕೇಸಾದರೂ ಆ ಭಾಗದ ರೋಗಿಯ ಮಾತಿನಲ್ಲಿ ಕೇಳಿಸಿ, ಅದಕ್ಕೂ ಅಂಕ ಇಡಿ. ತರಬೇತಿಯ ಕೆಲವು ದಿನಗಳನ್ನು ಕನ್ನಡ ಹಳ್ಳಿಯ ಉಪಕೇಂದ್ರದಲ್ಲಿ ಕಳೆಯಲು ಕೊಡಿ. ರೋಗಲಕ್ಷಣದ ಮಾತುಗಳ ಮರಾಠಿ-ಕನ್ನಡ ಪಟ್ಟಿ ಮಾಡಿ ಪ್ರತಿ ಉಪಕೇಂದ್ರದ ಗೋಡೆಗೆ ಅಂಟಿಸಿ. ಒಂದೆರಡು ಹಾಳೆಯ ಖರ್ಚು ಅದು. ಎರಡೂ ಭಾಷೆ ಬಲ್ಲವರಿಗೆ ಗಡಿ ಉಪಕೇಂದ್ರಗಳಲ್ಲಿ ಮೊದಲ ಆದ್ಯತೆ ಇರಲಿ. ಕೆಲಸ ಮಾಡುತ್ತಲೇ ಓದುವ ಸಿಸ್ಟರ್‌ಗೆ ಪರೀಕ್ಷೆಗೆ ಮುಂಚೆ ನಾಲ್ಕು ದಿನ ರಜೆ ಸಿಗಲಿ. ಮನಿಗೆ ಹೋದರೆ ಒಲಿ, ಕೂಸು, ದನದ ಕೊಟ್ಟಿಗಿ ಅವಳ ದಾರಿ ಕಾಯುತ್ತಿರುತ್ತವೆ ಎಂಬುದು ಸಾಹೇಬರಿಗೂ ಗೊತ್ತು.

ಇದು ಮಹಾರಾಷ್ಟ್ರ, ಮರಾಠಿ ಕಲಿಯಲಿ ಎನ್ನುವವರಿದ್ದಾರೆ. ಕಲಿತಿದ್ದಾರೆ, ಕಲಿಯುತ್ತಲೂ ಇದ್ದಾರೆ. ಆದರೆ 70ರ ಮುದುಕಿಗೆ ನೋವು ಬರುವುದು ತಾಯಿನುಡಿಯಲ್ಲೇ. ಭಾಷಾ ಅಲ್ಪಸಂಖ್ಯಾತರು ಶೇ. 15ರಷ್ಟಿರುವ ಕಡೆ ಸರ್ಕಾರದ ಮುಖ್ಯ ಸೂಚನೆಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕು ಎಂಬ ಒಪ್ಪಂದ ರಾಜ್ಯಗಳು ಮಾಡಿಕೊಂಡು ದಶಕಗಳೇ ಆಗಿವೆ. ಆರೋಗ್ಯದ ಸೂಚನೆಗಿಂತ ಮುಖ್ಯದ್ದು ಯಾವುದು? ಇದೇ ನ್ಯಾಯ ಬೆಳಗಾವಿ, ನಿಪ್ಪಾಣಿಯ ಮರಾಠಿ ಅಜ್ಜಿಗೂ ಸಲ್ಲಬೇಕು. ಕರ್ನಾಟಕದ ದವಾಖಾನೆಯಲ್ಲಿ ಅವಳ "ಛಾತೀತ ದುಖತಂಯ" ಎಂಬ ಮಾತು ತಿಳಿಯುವ ಸಿಸ್ಟರ್ ಇರಬೇಕು. ಒಂದು ಕಡೆ ಕೇಳಿ ಇನ್ನೊಂದು ಕಡೆ ಮರೆತರೆ ಅದು ರಾಜಕಾರಣವಾದೀತು, ಆರೋಗ್ಯ ಆಗದು.

ಪರೀಕ್ಷೆಗೆ ಕೂಡುವ ಹುಡುಗಿಯರೂ ಒಂದು ಮಾತು ಗಮನಿಸಬೇಕು. ಬರೇ ಪ್ರಶ್ನೋತ್ತರದ ಗೈಡ್ ಉರು ಹಚ್ಚಿದರೆ ಕೆಲಸಕ್ಕೆ ಕೂತ ದಿನವೇ ತೊಡಕು ಬರುತ್ತದೆ. ಪ್ರತಿ ರೋಗದ ಪಾಠದ ಬಾಜೂಕ್ಕೆ ಅವ್ವ, ಆಯಿ ಆ ಕಾಯಿಲೆಗೆ ಏನಂತಾರೆ ಎಂದು ಕನ್ನಡದಲ್ಲಿ, ಮರಾಠಿಯಲ್ಲಿ ಬರೆದುಕೊಳ್ಳಿ. ಯಾವ ಲಕ್ಷಣ ಕಂಡರೆ ತಾವು ಕೈ ಹಚ್ಚದೆ ಕೂಡಲೇ ಕಳಿಸಬೇಕು ಎಂಬ ಪಟ್ಟಿ ಬೇರೆ ಮಾಡಿಕೊಳ್ಳಿ. 2 ವಾರದ ಮೇಲಿನ ಕೆಮ್ಮು, ಮಾತು ತೊದಲಿ ಒಂದು ಕೈ ಬಿದ್ದದ್ದು, ಎದೆಯ ಗಂಟು, ಮುಟ್ಟು ನಿಂತ ಮೇಲಿನ ರಕ್ತಸ್ರಾವ. ತನ್ನ ಮಿತಿ ಗೊತ್ತಿರುವುದೇ ಈ ಹುದ್ದೆಯ ಅರ್ಧ ವಿದ್ಯೆ.

ಡಾಕ್ಟರ್ ಬರಲಿ ಎಂದು ನಮ್ಮ ಹಳ್ಳಿಗಳು ಕಾದದ್ದು ಬಹಳ ಆಯಿತು. ಈಗ ಬಾಗಿಲ ಹತ್ತಿರ ಒಬ್ಬ ಸಿಸ್ಟರ್ ಬಂದು ಕೂತಿದ್ದಾಳೆ. ಅವಳು ಓದಿ ಪಾಸಾಗಲಿ, ಪಾಸಾದವಳು ಇಲ್ಲಿಯೇ ಉಳಿಯಲಿ, ಉಳಿದವಳಿಗೆ ಊರ ಮಾತು ತಿಳಿಯಲಿ. ಸೊಲ್ಲಾಪುರ ಮತ್ತು ಸಾಂಗಲಿ ಜಿಲ್ಲಾ ಪರಿಷತ್ತಿನ ಆರೋಗ್ಯ ವಿಭಾಗಗಳು ಮುಂದಿನ ತರಬೇತಿಗೆ ಮೊದಲೇ ಈ ಬಗ್ಗೆ ವಿಚಾರ ಮಾಡಲಿ.