ಋಣವೇಗವೆಂದರೇನು?

ಋಣವೆಂದೊಡನೆ ಗೃಹಸ್ಥರಿಗೆ ಸಾಲದ ನೆನಪಾಗುವುದು ಸಹಜ. ಆದುದರಿಂದಲೇ ಮಕ್ಕಳ ಭೌತಶಾಸ್ತ್ರದ ಲೆಕ್ಕದಲ್ಲಿ ಸರಾಸರಿ ವೇಗವು ಋಣಸಂಖ್ಯೆಯಾಗಿ ಬಂದರೆ, ವೇಗವು ಶೂನ್ಯಕ್ಕಿಂತ ಕಡಮೆಯಾಗುವುದೆಂತು ಎಂದು ಹಲವರು ಶಂಕಿಸುವರು. ಈ ಋಣವು ಕೊರತೆಯಲ್ಲ, ದಿಕ್ಕು.

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಹಿಂದೆ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಅಂತಹ ಬಯಲಿನಲ್ಲಿ ಒಂದು ಕಲ್ಲನ್ನು ಗುರುತಾಗಿಟ್ಟು, ಅಲ್ಲಿಂದ ಮೂಡಲಿಗೆ ಅಳೆದ ದೂರವನ್ನು ಧನವೆನ್ನೋಣ. ಮೂಡಲಿಗೆ 3 ಕಿಲೋಮೀಟರು ದೂರದಲ್ಲಿದ್ದ ಹಸುವೊಂದು ಮೇಯುತ್ತ ಅತ್ತಿತ್ತ ಒಟ್ಟು 4 ಕಿಲೋಮೀಟರು ಅಲೆದು, 2 ಗಂಟೆಗಳ ತರುವಾಯ 1 ಕಿಲೋಮೀಟರಿನಲ್ಲಿ ನಿಂತಿತೆನ್ನಿ. ಕೊನೆಯ ಸ್ಥಾನದಿಂದ ಮೊದಲಿನದನ್ನು ಕಳೆದರೆ −2; ಕಾಲದಿಂದ ಭಾಗಿಸಿದರೆ ಸರಾಸರಿ ವೇಗ ಗಂಟೆಗೆ −1 ಕಿಲೋಮೀಟರು. ಹಸು ಈಗಲೂ ಕಲ್ಲಿನ ಮೂಡಲಿಗೇ ಇದೆ. ಅದು ಸರಿದದ್ದು ಮಾತ್ರ ಪಡುವಲಿಗೆ. ಅಲೆದ ಹಾದಿಯನ್ನೆಲ್ಲ ಕಾಲದಿಂದ ಭಾಗಿಸಿದರೆ ಬರುವ ಸರಾಸರಿ ಜವವು 2, ಅದೆಂದಿಗೂ ಋಣವಾಗದು.

ಇದೇ ಚಳ್ಳಕೆರೆ ಸೀಮೆಯ ವಿಮಾನ ಪರೀಕ್ಷಾ ವಲಯದಲ್ಲಿ 2024ರ ಜೂನ್ 23ರಂದು ಇಸ್ರೋ ಸಂಸ್ಥೆಯ ‘ಪುಷ್ಪಕ್’ ಎಂಬ ಚಾಲಕನಿಲ್ಲದ ವಾಹನವನ್ನು ಹೆಲಿಕಾಪ್ಟರಿನಿಂದ 4.5 ಕಿಲೋಮೀಟರು ಎತ್ತರದಲ್ಲಿ ಬಿಡಲಾಗಿ, ಅದು ತಾನಾಗಿ ಇಳಿಯಿತು. ಮೇಲ್ಮುಖವನ್ನು ಧನವೆಂದರೆ ಆ ಇಳಿತದ ಸರಾಸರಿ ಲಂಬವೇಗವು ಋಣ. ನೆಲ ಮುಟ್ಟಿದ ಮೇಲೆ ಪ್ಯಾರಾಚೂಟು ಬಿಚ್ಚಿ, ಗಂಟೆಗೆ 320 ಕಿಲೋಮೀಟರನ್ನು ಮೀರಿದ್ದ ಓಟವನ್ನು ಸುಮಾರು 100ಕ್ಕೆ ತಗ್ಗಿಸಿತು. ಓಟದ ದಿಕ್ಕನ್ನು ಧನವೆಂದರೆ, ಇಲ್ಲಿ ವೇಗವು ಕುಗ್ಗಿಯೂ ಧನವಾಗಿಯೇ ಉಳಿಯಿತು. ನಿಧಾನವಾಗುವುದು ಬೇರೆ, ಋಣವಾಗುವುದು ಬೇರೆ.

ಏರುತ್ತಿರುವೆನೋ ಇಳಿಯುತ್ತಿರುವೆನೋ ಎಂಬುದನ್ನು ಯಂತ್ರಕ್ಕೆ ತಿಳಿಸುವುದು ಈ ಪುಟ್ಟ ಗೆರೆಯೇ. ಅದು ತಪ್ಪಿದರೆ ವಾಹನ ಉಳಿಯದು. ಗೆರೆಯನ್ನು ಮರೆತ ಮಗುವಿಗೆ ಅಂಕ ಕಳೆದ ಉಪಾಧ್ಯಾಯರನ್ನು ಹಳಿಯದಿರೋಣ.