ಸಾವ್ಕಾರ್ರ, ಇದು ಯಾವ ನೂಲು?

ಹುಬ್ಬಳ್ಳಿಯ ಬೆಂಗೇರಿಗೆ ದೇಶದಲ್ಲೇ ಒಂದು ಹೆಸರಿದೆ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲೇ. ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿ ಇಲ್ಲಿಗೆ ಬರುತ್ತದೆ. ಬಣ್ಣ ಕಾಣುತ್ತದೆ, ಅಳತೆಗೆ ಕತ್ತರಿಸಿಕೊಳ್ಳುತ್ತದೆ, ಅಶೋಕಚಕ್ರ ಹೊತ್ತು ರಾಷ್ಟ್ರಧ್ವಜವಾಗಿ ಊರೂರಿಗೆ ಹೋಗುತ್ತದೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಎಳೆಯ ಲೆಕ್ಕ ತಪ್ಪಿದರೆ, ಬಣ್ಣದಲ್ಲಿ ಒಂದಿಷ್ಟು ಹೆಚ್ಚುಕಮ್ಮಿಯಾದರೆ ಆ ಧ್ವಜ ಹೊರಗೆ ಹೋಗುವಂತಿಲ್ಲ. ಅಷ್ಟು ಬಿಗಿ.

ಅದೇ ಹುಬ್ಬಳ್ಳಿ ಪೇಟೆಯಲ್ಲಿ ಆಗಸ್ಟ್ ಬಂತೆಂದರೆ ಫಳಫಳ ಹೊಳೆಯುವ ಪಾಲಿಸ್ಟರ್ ಧ್ವಜಗಳ ಭರಾಟೆ. ಇದು ಕಾನೂನಿಗೆ ವಿರುದ್ಧವೇ? ಅಲ್ಲ. ಧ್ವಜಸಂಹಿತೆಯ ಪ್ರಕಾರ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಖಾದಿಗೆ ಮಾತ್ರ ಇದ್ದ ಮಾನವನ್ನು 2021ರ ಡಿಸೆಂಬರ್ 30ರ ತಿದ್ದುಪಡಿ ಪಾಲಿಸ್ಟರಿಗೂ ಯಂತ್ರದ ಬಟ್ಟೆಗೂ ಹಂಚಿತು. ಮರುವರ್ಷವೇ ಮನೆಮನೆಗೂ ಧ್ವಜ ಎಂಬ ಅಭಿಯಾನ ಬಂತು. ಕೋಟಿಗಟ್ಟಲೆ ಧ್ವಜವನ್ನು ಅಷ್ಟು ಬೇಗ, ಅಷ್ಟು ಅಗ್ಗಕ್ಕೆ ಖಾದಿಯಲ್ಲಿ ಮಾಡಿಕೊಡಲು ಆಗುತ್ತಿತ್ತೇ ಎಂದು ಕೇಳಿದವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಖಾದಿ ನೂಲುವ ಕೈಗಳು ಎಲ್ಲಿಗೆ ಹೋಗಬೇಕು ಎಂದು ಕೇಳಿದವರ ಮಾತಿಗೂ ಹುರುಳಿತ್ತು. ಅದಕ್ಕೆ ಉತ್ತರ ಮಾತ್ರ ಸಿಗಲಿಲ್ಲ.

ಇರಲಿ. ಧ್ವಜ ವರ್ಷದಲ್ಲಿ ಎರಡು-ಮೂರು ದಿನ ಹಾರುವಂಥದು. ವರ್ಷದ 365 ದಿನವೂ ಮೈಗೆ ಅಂಟಿಕೊಂಡಿರುವ ಬಟ್ಟೆಯ ಸಂಗತಿ ಏನು? ಧ್ವಜದ ನೂಲಿಗಾಗಿ ವಾದ ಮಾಡಿದ ಜನ ತಮ್ಮ ಅಂಗಿಯ ನೂಲು ಯಾವುದೆಂದು ಎಂದಾದರೂ ಕೇಳಿದ್ದಾರೆಯೇ?

ದಾಜಿಬಾನ ಪೇಟೆಯಿಂದ ಧಾರವಾಡದ ಸುಭಾಸ ರೋಡಿನವರೆಗೆ ಯಾವ ಬಟ್ಟೆ ಅಂಗಡಿಯಲ್ಲಿ ನಿಂತರೂ ಕೇಳಿಬರುವ ಸಂಭಾಷಣೆ ಒಂದೇ.

"ಬಣ್ಣ ಹೋಗಂಗಿಲ್ಲಲ್ರೀ?"

"ಗ್ಯಾರಂಟಿ ಐತ್ರಿ."

"ಕಡಿಮಿ ಮಾಡ್ರಿ ಹಂಗಾರ."

ಅಲ್ಲಿಗೆ ವ್ಯಾಪಾರ ಮುಗಿಯಿತು. ಬದನೆಕಾಯಿ ಕೊಳ್ಳುವಾಗ ತಿರುಗಿಸಿ ತಿರುಗಿಸಿ ಹುಳ ನೋಡುವ ಜಾಣರು ನೂರಾರು ರೂಪಾಯಿಯ ಬಟ್ಟೆ ಕೊಳ್ಳುವಾಗ ಅದು ಹೊಲದಿಂದ ಬಂತೋ, ಕಾಡಿನಿಂದ ಬಂತೋ, ಪೆಟ್ರೋಲಿನ ಬಾವಿಯಿಂದ ಬಂತೋ ಎಂದು ಕೇಳುವುದಿಲ್ಲ. ಕೇಳಿದರೂ ಬಹಳ ಕಡೆ ಸಿಗುವ ಉತ್ತರ: "ಕಾಟನ್ ಇದ್ದಂಗ ಐತ್ರಿ." ಕಾಟನ್ ಅಲ್ಲ, ಕಾಟನ್ ಇದ್ದಂಗೆ!

ಬಾವಿಯಿಂದ ಬಂದ ಬಟ್ಟೆ

ಪಾಲಿಸ್ಟರ್ ಎಂದರೆ ಕಚ್ಚಾ ತೈಲದ ಮೊಮ್ಮಗ. ಕುಡಿಯುವ ನೀರಿನ ಬಾಟಲಿ ಯಾವ ಪ್ಲಾಸ್ಟಿಕ್ಕೋ ಅದನ್ನೇ ಕರಗಿಸಿ ಎಳೆ ಎಳೆದರೆ ಪಾಲಿಸ್ಟರ್. ಹಿಂದೆ ಟೆರಿಲಿನ್ ಅಂಗಿ, ಟೆರಿಕಾಟ್ ಪ್ಯಾಂಟು ಎಂದರೆ ಮದುವೆ ಗಂಡಿನ ಗತ್ತು. ಸುಕ್ಕಿಲ್ಲ, ಇಸ್ತ್ರಿ ಬೇಡ, ಹರಿಯುವುದಿಲ್ಲ, ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆ ಒಣಗಿ ರೆಡಿ. ದುಡಿಯುವ ಜನ ಅದನ್ನು ಮೆಚ್ಚಿದ್ದರಲ್ಲಿ ತಪ್ಪೇನಿಲ್ಲ. ಇಂದು ಜಗತ್ತಿನಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ.

ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಹರಿಯದ ಬಟ್ಟೆ ಮಣ್ಣಾಗುವುದೂ ಇಲ್ಲ. ಹತ್ತಿಯ ಚಿಂದಿ ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾದೀತು. ಪಾಲಿಸ್ಟರ್ ಸೀರೆ ಮೊಮ್ಮಕ್ಕಳ ಕಾಲಕ್ಕೂ ಚರಂಡಿಯಲ್ಲಿ ಸಿಕ್ಕಿಕೊಂಡೇ ಇದ್ದೀತು. ಒಗೆದಾಗಲೆಲ್ಲ ಅದರಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಉದುರುತ್ತವೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿದರು: ಆರು ಕಿಲೋ ಪಾಲಿಸ್ಟರ್ ಬಟ್ಟೆ ಒಂದು ಸಲ ಮಷೀನಿಗೆ ಹಾಕಿದರೆ ಸುಮಾರು ಐದು ಲಕ್ಷ ಎಳೆ. ಅವು ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಇನ್ನು ಏಪ್ರಿಲ್ ಬಿಸಿಲಿನಲ್ಲಿ ನಿಂತು ಪ್ರಯಾಣ ಮಾಡುವವನಿಗೆ ಪಾಲಿಸ್ಟರ್ ಅಂಗಿ ಬೆವರು ಹೀರುವುದಿಲ್ಲ ಎಂಬುದನ್ನು ಯಾವ ವಿಶ್ವವಿದ್ಯಾಲಯವೂ ಹೇಳಬೇಕಾಗಿಲ್ಲ. ಬೆನ್ನೇ ಹೇಳುತ್ತದೆ.

ಕಾಡಿನಿಂದ ಬಂದ ಬಟ್ಟೆ

"ಹಂಗಾರ ರೇಯಾನ್ ಒಯ್ರಿ, ನ್ಯಾಚುರಲ್ ಐತಿ" ಎನ್ನುತ್ತಾರೆ ಅಂಗಡಿಯವರು. ರೇಯಾನ್, ವಿಸ್ಕೋಸ್, ಆರ್ಟ್ ಸಿಲ್ಕ್ ಎಲ್ಲ ಒಂದೇ ಮನೆತನ. ಮರದ ತಿರುಳಿನಿಂದ ಮಾಡಿದ ನೂಲು. ಮೆತ್ತಗಿರುತ್ತದೆ, ತಂಪಾಗಿರುತ್ತದೆ, ಮಣ್ಣಲ್ಲಿ ಮಣ್ಣೂ ಆಗುತ್ತದೆ. ಆದರೆ ಮರ ಎಲ್ಲಿಂದ ಬಂತು? ತಿರುಳು ತೊಳೆದ ನೀರು ಎಲ್ಲಿಗೆ ಹೋಯಿತು?

ಈ ಪ್ರಶ್ನೆಯನ್ನು ಹಿಂದಿನ ಅವಿಭಜಿತ ಧಾರವಾಡ ಜಿಲ್ಲೆಯ ಜನ ದೇಶಕ್ಕೇ ಕೇಳಿಸುವಂತೆ ಕೇಳಿದ್ದರು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ರೇಯಾನಿಗೆ ಬೇಕಾದ ತಿರುಳು ಮತ್ತು ನೂಲು ತಯಾರಾಗುತ್ತಿತ್ತು. 1980ರ ದಶಕದಲ್ಲಿ ತುಂಗಭದ್ರೆಯ ನೀರು ಕೆಡುತ್ತಿದೆ ಎಂದು ದಂಡೆಯ ಹಳ್ಳಿಗಳವರು ಬೀದಿಗಿಳಿದರು. 1984ರಲ್ಲಿ ಸರ್ಕಾರವೂ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಮಾಡಿ, ಹಳ್ಳಿಯವರ ದನ ಮೇಯುವ, ಸೌದೆ ಆರಿಸುವ ಜಮೀನಿನಲ್ಲಿ ನೀಲಗಿರಿ ಬೆಳೆಸಲು ಹೊರಟಿತು. ಗೊತ್ತುಮಾಡಿದ್ದು 30,000 ಹೆಕ್ಟೇರ್! 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಮುಂದಾಳುತನದಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತರು, ಊರಿಗೆ ಬೇಕಾದ ಗಿಡ ಹಚ್ಚಿದರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಎಂದೇ ಅದಕ್ಕೆ ಹೆಸರು. 1991ರಲ್ಲಿ ಆ ಸಂಸ್ಥೆಯೇ ಮುಚ್ಚಿತು.

ಆ ಸತ್ಯಾಗ್ರಹಕ್ಕೆ ಹೋದವರು ಕಾಡಿಗಾಗಿ, ನೀರಿಗಾಗಿ ಹೋಗಿದ್ದರು. ಆದರೆ ಜಗಳದ ಬುಡದಲ್ಲಿದ್ದದ್ದು ಬಟ್ಟೆ ಎಂಬುದು ಎಷ್ಟು ಜನಕ್ಕೆ ನೆನಪಿದೆ? ಇಳಕಲ್ಲಿನ ಸೀರೆಯ ಸೆರಗಿನಲ್ಲೂ ಅಪ್ಪಟ ರೇಷ್ಮೆ ಇದ್ದ ಜಾಗಕ್ಕೆ ಆರ್ಟ್ ಸಿಲ್ಕ್ ಬಂದು ಕೂತಿದೆ. ಹೆಸರಿನಲ್ಲಿ ಸಿಲ್ಕ್ ಇದ್ದ ಮಾತ್ರಕ್ಕೆ ಅದು ರೇಷ್ಮೆಯಲ್ಲ.

ಹೊಲದಿಂದ ಬಂದದ್ದೆಲ್ಲ ಹಸನೇ?

ಹಾಗಾದರೆ ಹತ್ತಿಯೇ ಸೈ ಎಂದು ಕುಣಿಯುವಂತೆಯೂ ಇಲ್ಲ. ಧಾರವಾಡ ಸೀಮೆಯ ಕರಿಮಣ್ಣಿಗೆ ಹತ್ತಿ ಹಳೆಯ ನೆಂಟ. 1840ರ ದಶಕದಲ್ಲಿ ಇಂಗ್ಲಿಷರು ಅಮೆರಿಕದ ಬೀಜ ತಂದು ಬಿತ್ತಿಸಿದರು. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಿಂದಲೇ ವರಲಕ್ಷ್ಮಿ ಎಂಬ ಹೈಬ್ರಿಡ್ ಹೊರಬಂತು. ಉದ್ದ ಎಳೆ, ಒಳ್ಳೆಯ ದರ. ಅದರ ಬೆನ್ನಿಗೇ ಗೊಬ್ಬರದ ಚೀಲ, ಔಷಧದ ಡಬ್ಬಿ. 2002ರಲ್ಲಿ ಬಿಟಿ ಹತ್ತಿಗೆ ಪರವಾನಗಿ ಸಿಕ್ಕಿತು. ಕಾಯಿಕೊರಕಕ್ಕೆ ಹೊಡೆಯುವ ಔಷಧ ಮೊದಮೊದಲು ಕಮ್ಮಿಯಾಯಿತು ಎಂಬುದು ಖರೆ. ಆಮೇಲೆ ಗುಲಾಬಿ ಕಾಯಿಕೊರಕ ಬಿಟಿಗೂ ಬಗ್ಗದೆ ತಿರುಗಿ ಬಂತು ಎಂಬುದೂ ಅಷ್ಟೇ ಖರೆ.

ಈ ಗದ್ದಲದಲ್ಲಿ ಮೂಲೆಗೆ ಬಿದ್ದದ್ದು ಜಯಧರ. ಧಾರವಾಡ, ಗದಗ, ಹಾವೇರಿ ಕಡೆಯ ನಾಡಹತ್ತಿ. ಮಳೆಗಾಲದ ಕೊನೆಗೆ ಬಿತ್ತಿ, ಮಣ್ಣಿನ ತೇವದಲ್ಲೇ ಬೆಳೆಯುವ ಹತ್ತಿ. ನೀರು ಕಟ್ಟುವುದು ಬೇಡ, ರೋಗ-ಕೀಟಕ್ಕೆ ಬೇಗ ಸೋಲುವುದಿಲ್ಲ, ಔಷಧದ ಖರ್ಚು ಕಡಿಮೆ. ಕೊರತೆ ಇಲ್ಲವೆಂದಲ್ಲ: ಎಳೆ ಗಿಡ್ಡ, ಬಣ್ಣ ತುಸು ಮಾಸಲು, ಇಳುವರಿ ಕಡಿಮೆ. ಮಿಲ್ಲಿನ ಯಂತ್ರಕ್ಕೆ ಉದ್ದ ಎಳೆ ಬೇಕು. ಮಿಲ್ಲು ಕೇಳದ್ದನ್ನು ದಲಾಲ ಕೇಳುವುದಿಲ್ಲ; ದಲಾಲ ಕೇಳದ್ದನ್ನು ರೈತ ಬಿತ್ತುವುದಿಲ್ಲ. ದಪ್ಪ ನೂಲಿನ ಕೈಮಗ್ಗದ ಬಟ್ಟೆಗೆ ಒಗ್ಗುವ ಹತ್ತಿ ಹೀಗೆ ಹೊಲದಿಂದಲೇ ಜಾರುತ್ತ ಬಂತು.

ಹತ್ತಿ ಒಳ್ಳೆಯದಾದರೂ ಬಣ್ಣ ಕೆಟ್ಟದಿರಬಹುದು. ಇಲ್ಲಿನ ಅಂಗಡಿಗಳಿಗೆ ಬನಿಯನ್ನು, ಟೀ-ಶರ್ಟು ಬರುವುದು ಹೆಚ್ಚಾಗಿ ತಿರುಪ್ಪೂರಿನಿಂದ. ಅಲ್ಲಿಯ ಬಣ್ಣದ ನೀರು ನೊಯ್ಯಲ್ ನದಿ ಸೇರಿತು. ರೈತರಿಗೆಂದು ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು ಬಣ್ಣದ ನೀರಿನ ಕೆರೆಯಾಯಿತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿ, ಹನಿ ನೀರೂ ಹೊರಗೆ ಬಿಡಬಾರದು ಎಂದಿತು. ನೂರಕ್ಕೆ ನೂರು ಹತ್ತಿಯ ಬನಿಯನ್ನೇ ಒಂದು ನದಿಯನ್ನು ಕೆಡಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇದಕ್ಕೆ ಬದಲಿ ಇಲ್ಲವೆಂದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಚರಕ ಎಂಬ ಹೆಣ್ಣುಮಕ್ಕಳ ಸಹಕಾರಿ ಸಂಘ ಅಡಿಕೆ ಚೊಗರಿನಂಥ ಸಸ್ಯದ ಬಣ್ಣ ಹಾಕಿ ಕೈಮಗ್ಗದ ಬಟ್ಟೆ ನೇಯುತ್ತ ಬಂದಿದೆ. ಎಲ್ಲರೂ ಹೊಗಳಿದರು. ಆದರೆ 2020ರಲ್ಲಿ ಮಾಲು ಮಾರಾಟವಾಗದೆ ಆ ಸಂಘ ದಿವಾಳಿಯ ಅಂಚಿಗೆ ಬಂದು ನಿಂತಿತು. ಹೊಗಳಿಕೆಯಿಂದ ಮಗ್ಗ ನಡೆಯುವುದಿಲ್ಲ, ಗಿರಾಕಿಯಿಂದ ನಡೆಯುತ್ತದೆ.

ಬಡವನ ಮಾತು

"ಇದೆಲ್ಲ ಉಳ್ಳವರ ಚಟರೀ. ಕೈಮಗ್ಗದ ಅಂಗಿ ಒಂದಕ್ಕ ಪಾಲಿಸ್ಟರ್ ಮೂರು ಬರ್ತಾವ" ಎಂದು ಬಸ್ಸಿನಲ್ಲಿ ಪಕ್ಕದವರು ಹೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಮೂರು ಮಕ್ಕಳಿಗೆ ಯೂನಿಫಾರ್ಮ್ ಹೊಲಿಸಬೇಕಾದ ಕೂಲಿಯವನಿಗೆ ಪರಿಸರದ ಉಪದೇಶ ಮಾಡುವುದು ಸುಲಭ, ಬಿಲ್ಲು ಕಟ್ಟುವವರು ಯಾರು?

ಆದರೆ ಎಲ್ಲ ಬಟ್ಟೆಯನ್ನೂ ಒಂದೇ ದಿನ ಬದಲಿಸಬೇಕೆಂದು ಯಾರೂ ಹೇಳುತ್ತಿಲ್ಲ. ಮೈಗೆ ತಾಗುವ ಬಟ್ಟೆ, ಕೂಸಿನ ಬಟ್ಟೆ, ಟವೆಲು, ಹಾಸಿಗೆ ಹೊದಿಕೆ: ಇವಿಷ್ಟು ಹತ್ತಿಯದಾದರೆ ಸಾಕು, ದೊಡ್ಡ ಹೆಜ್ಜೆ. ಮನೆಯಲ್ಲಿರುವ ಪಾಲಿಸ್ಟರನ್ನು ಎಸೆಯುವುದೂ ದಡ್ಡತನವೇ. ಹರಿಯುವವರೆಗೆ ಉಡುವುದೇ ಅದಕ್ಕೆ ತಕ್ಕ ಶಾಸ್ತಿ. ಹಬ್ಬಕ್ಕೆ ಮೂರು ತೆಗೆದುಕೊಂಡು ಎರಡನ್ನು ಟ್ರಂಕಿನಲ್ಲಿ ಕೊಳೆಸುವವರು ಒಂದೇ ಗಟ್ಟಿಯಾದದ್ದು ಕೊಂಡರೆ ಲೆಕ್ಕ ಸರಿಹೋಗುತ್ತದೆ. ಅತಿ ಒಳ್ಳೆಯ ಬಟ್ಟೆ ಯಾವುದು ಎಂದರೆ ಬಹಳ ದಿನ ಉಟ್ಟ ಬಟ್ಟೆ. ಅಣ್ಣನ ಅಂಗಿ ತಮ್ಮನಿಗೆ, ಹಳೆ ಸೀರೆ ಕೌದಿಗೆ ಎಂಬ ಶಾಸ್ತ್ರವನ್ನು ಇಲ್ಲಿನ ಅಜ್ಜಿಯರು ಯಾವ ಪರಿಸರ ಪದವಿಯೂ ಇಲ್ಲದೆ ಬಲ್ಲವರಾಗಿದ್ದರು.

ನೂಲು ಗುರುತಿಸುವುದಕ್ಕೂ ಪದವಿ ಬೇಡ. ಅಂಚಿನಿಂದ ಒಂದು ಎಳೆ ತೆಗೆದು ಕಡ್ಡಿ ಗೀರಿದರೆ ಹತ್ತಿ ಕಾಗದದಂತೆ ಉರಿದು ಮೆತ್ತನೆ ಬೂದಿ ಆಗುತ್ತದೆ. ಪಾಲಿಸ್ಟರ್ ಮುದುಡಿ ಕರಗಿ ಗಟ್ಟಿ ಗುಂಡಾಗುತ್ತದೆ. ರೇಷ್ಮೆ ಸುಟ್ಟ ಕೂದಲಿನ ವಾಸನೆ ಬಿಡುತ್ತದೆ. ರೇಯಾನ್ ಮಾತ್ರ ಹತ್ತಿಯಂತೆಯೇ ಉರಿದು ಮೋಸ ಮಾಡುತ್ತದೆ. ಅದಕ್ಕೆ ಚೀಟಿಯನ್ನೇ ನೋಡಬೇಕು. ಮಿಲ್ಲಿನ ಥಾನಿನ ಅಂಚಿನಲ್ಲಿ ಯಾವ ನೂಲು ಎಷ್ಟೆಂದು ಅಚ್ಚಾಗಿರುತ್ತದೆ. ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್ ಇದೆ, ಕೈಮಗ್ಗಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ.

ಅಂಗಡಿಯವರಿಂದ ಆಗಬೇಕಾದದ್ದು ಒಂದೇ ಕೆಲಸ. ಕಪಾಟಿನ ಮೇಲೆ ಚೀಟಿ ಅಂಟಿಸಲಿ: ಇದು ಹತ್ತಿ, ಇದು ಮಿಕ್ಸು, ಇದು ಪಾಲಿಸ್ಟರ್, ಇದು ರೇಯಾನ್. ಮಾರುವುದನ್ನು ಮಾರಲಿ, ಅಡ್ಡಿಯಿಲ್ಲ. ಹೆಸರು ಹೇಳಿ ಮಾರಲಿ. ನಾಲ್ಕು ರಟ್ಟಿನ ತುಂಡು, ಒಂದು ಮಸಿಯ ಬಾಟಲಿ ಇಷ್ಟೇ ಖರ್ಚು. ಖರೆ ಹೇಳುವ ಅಂಗಡಿಗೆ ಗಿರಾಕಿ ತಿರುಗಿ ಬರುತ್ತಾನೆ ಎಂಬುದು ಪೇಟೆಯ ಹಳೆಯ ಪಾಠ.

ಗಿರಾಕಿಗಳಿಂದ ಆಗಬೇಕಾದದ್ದೂ ಒಂದೇ ಕೆಲಸ. ದರ ಕೇಳುವ ಮುಂಚೆ ಒಂದು ಮಾತು ಕೇಳಲಿ: "ಸಾವ್ಕಾರ್ರ, ಇದು ಯಾವ ನೂಲು?" ದಿನಕ್ಕೆ ಹತ್ತು ಜನ ಕೇಳಿದರೆ ಅಂಗಡಿಯವರು ಸಗಟು ವ್ಯಾಪಾರಿಯನ್ನು ಕೇಳುತ್ತಾರೆ. ಸಗಟು ವ್ಯಾಪಾರಿ ಮಿಲ್ಲನ್ನು, ಮಗ್ಗವನ್ನು ಕೇಳುತ್ತಾನೆ. ಕೇಳುವ ಬಾಯಿ ಹೆಚ್ಚಿದರೆ ಜಯಧರಕ್ಕೂ ದರ ಬಂದೀತು, ಬೆಂಗೇರಿಯ ಹೆಣ್ಣುಮಕ್ಕಳ ಕೈಗೆ ವರ್ಷಪೂರ್ತಿ ಕೆಲಸ ಸಿಕ್ಕೀತು. ಬಾಯಿ ಮುಚ್ಚಿಕೊಂಡು ಕೊಂಡರೆ ದೇಶಕ್ಕೆ ಖಾದಿ ಧ್ವಜ ಕೊಟ್ಟ ಊರೇ ನಾಳೆ ಖಾದಿ ಹುಡುಕಿಕೊಂಡು ಬೇರೆ ಊರಿನ ಬಸ್ಸು ಹತ್ತಬೇಕಾದೀತು.