ಹೆಸರು ತಿದ್ದುವ ಮೊದಲು

ಅಮೆರಿಕದ ಪೌರನಾದ ಮಗ ಅಪ್ಪ-ಆಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಲು ಅರ್ಜಿ ಹಾಕಿದನೆಂದರೆ ಹೊನ್ನಾವರ, ಕುಮಟಾ, ಭಟ್ಕಳದ ಕಡೆ ಎಲ್ಲರಿಂದ ಸಿಗುವ ಸಲಹೆ ಒಂದೇ: ‘ಮೊದಲು ಎಲ್ಲಾ ದಾಖಲೆಯಲ್ಲೂ ಹೆಸರು ಒಂದೇ ಮಾಡಿಸಿಕೊಳ್ಳಿ.’ ಶಾಲೆಯ ದಾಖಲೆ, ಆಧಾರ್, ಪಾನ್, ಪಹಣಿ, ಪಾಸ್‌ಪೋರ್ಟ್ ಅಕ್ಷರಕ್ಕಕ್ಷರ ಕೂಡಿಬರದಿದ್ದರೆ ವೀಸಾ ಸಿಗುವುದಿಲ್ಲ ಎಂಬ ಹೆದರಿಕೆ ಇದರ ಹಿಂದಿದೆ. ಹೇಳುವವರ ಕಾಳಜಿಯನ್ನು ಅನುಮಾನಿಸಬೇಕಿಲ್ಲ. ಆದರೆ ಈ ಸಲಹೆ ಪಾಸ್‌ಪೋರ್ಟಿನ ಮಟ್ಟಿಗೆ ಮಾತ್ರ ಸರಿ. ಉಳಿದ ಕಾಗದಗಳ ಮಟ್ಟಿಗೆ ಅನಗತ್ಯ, ಕೆಲವೊಮ್ಮೆ ಅಪಾಯಕಾರಿ ಎಂದು ನನಗನ್ನಿಸುತ್ತದೆ.

ನಮ್ಮ ಕರಾವಳಿಯ ಹೆಸರುಗಳು ಎಂದೂ ಒಂದೇ ರೂಪದಲ್ಲಿ ಉಳಿದವಲ್ಲ. ಶರಾವತಿಯ ದಕ್ಷಿಣ ದಂಡೆಯ ಕಾಸರಕೋಡ ಇಂಗ್ಲಿಷಿಗೆ ಹೋಗುವಾಗ ಎರಡು-ಮೂರು ಬಗೆಯ ಕಾಗುಣಿತ ಪಡೆಯುತ್ತದೆ; ಹೊರಗಿನವರು ಅದನ್ನು ಕೇರಳದ ಕಾಸರಗೋಡೆಂದು ಓದುವುದೂ ಉಂಟು. ಊರಿಗೇ ಹೀಗಾದರೆ ಜನರ ಪಾಡೇನು? ತಾಂಡೇಲ, ನಾಯ್ಕ, ಹೆಗಡೆ ಎಂಬ ಅಡ್ಡಹೆಸರುಗಳು ಶಾಲೆಯ ಮಾಸ್ತರರ ಕೈಯಲ್ಲಿ ಒಂದು ರೂಪ, ಗ್ರಾಮ ಪಂಚಾಯಿತಿಯಲ್ಲಿ ಇನ್ನೊಂದು ರೂಪ ತಾಳಿದವು. ಭಟ್ಕಳದ ನವಾಯತ ಮನೆಗಳಲ್ಲಿ ಮೊಹಮ್ಮದ್ ಎಂಬ ಒಂದೇ ಹೆಸರು ಅಣ್ಣನ ಪಾಸ್‌ಪೋರ್ಟಿನಲ್ಲಿ ಒಂದು ತರಹ, ತಮ್ಮನದರಲ್ಲಿ ಬೇರೆ ತರಹ ಇದ್ದರೆ ಯಾರೂ ಬೆರಗಾಗುವುದಿಲ್ಲ. 1862ರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಕಾಲದ ಕಂದಾಯ ಬರವಣಿಗೆಯ ‘ಬಿನ್’, ‘ಕೋಂ’ಗಳು ಅಪ್ಪನ, ಗಂಡನ ಹೆಸರುಗಳನ್ನು ಜಮೀನಿನ ಕಾಗದದಲ್ಲಿ ಅಂಟಿಸಿಟ್ಟಿವೆ. ಹವ್ಯಕ, ಗೌಡ ಸಾರಸ್ವತ ಮನೆಗಳಲ್ಲಿ ಮದುವೆಯ ದಿನ ಮದುಮಗಳ ಸ್ವಂತ ಹೆಸರನ್ನೇ ಬದಲಿಸುವ ರೂಢಿಯಿತ್ತು. ತವರಿನ ಶಾಲೆಯಲ್ಲಿ ಶಾಂತಾ ಆಗಿದ್ದವಳು ಮಗನ ಜನನ ಪತ್ರದಲ್ಲಿ ಸುಮತಿ ಆಗಿರಬಹುದು. ಇವುಗಳಲ್ಲಿ ಮೋಸವೂ ಇಲ್ಲ, ತಪ್ಪೂ ಇಲ್ಲ.

ವಲಸೆ ವೀಸಾದ ಅರ್ಜಿಗೂ ಇದು ಗೊತ್ತು. ಅಮೆರಿಕದ ಡಿಎಸ್-260 ನಮೂನೆ ಈಗಿನ ಹೆಸರಿನ ಜತೆಗೆ ಹಿಂದೆ ಬಳಸಿದ ಬೇರೆ ಹೆಸರುಗಳನ್ನೂ ಕೇಳುತ್ತದೆ. ಮದುವೆಗೆ ಮುಂಚಿನ ಹೆಸರೂ ಅದರಲ್ಲಿ ಸೇರುತ್ತದೆ. ಹೆಸರನ್ನು ಸ್ವಂತ ಲಿಪಿಯಲ್ಲಿ ಬರೆಯಲೂ ಜಾಗವಿದೆ. ಒಬ್ಬರಿಗೆ ಹಲವು ಹೆಸರಿರಬಹುದು ಎಂದು ಒಪ್ಪಿಕೊಂಡೇ ಆ ಪ್ರಶ್ನೆ ಇಟ್ಟಿದ್ದಾರೆ. ಅಲ್ಲಿ ‘ಇಲ್ಲ’ ಎಂದು ಬರೆದು, ಹಳೆಯ ಹೆಸರಿನ ಕಾಗದ ಆಮೇಲೆ ಹೊರಬಿದ್ದರೆ ತೊಂದರೆ ಶುರುವಾಗುತ್ತದೆ. ಮುಖ್ಯ ಸಂಗತಿಯನ್ನು ಬೇಕೆಂದೇ ಮರೆಮಾಚಿದ್ದಾರೆಂದು ಅಧಿಕಾರಿಗೆ ಮನವರಿಕೆಯಾದರೆ ಅಮೆರಿಕದ ಕಾನೂನಿನಲ್ಲಿ ಅದಕ್ಕೆ ಕಾಯಂ ನಿರ್ಬಂಧವೇ ಇದೆ. ವಿನಾಯಿತಿ ಸಿಗುವುದು ಕಷ್ಟ. ಕಾಗುಣಿತದ ವ್ಯತ್ಯಾಸಕ್ಕೆ ಅಂಥ ಶಿಕ್ಷೆ ಇಲ್ಲ.

ನಮ್ಮ ಕಾನೂನಿನ ಧೋರಣೆಯೂ ಇದೇ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮು ನೋಡಿ. ನಮೂದಿನಲ್ಲಿ ತಪ್ಪಿದ್ದರೆ ರಿಜಿಸ್ಟ್ರಾರರು ಮೂಲ ಬರಹವನ್ನು ಮುಟ್ಟದೆ ಅಂಚಿನಲ್ಲಿ ತಿದ್ದುಪಡಿ ಬರೆದು, ಸಹಿ ಹಾಕಿ, ತಾರೀಕು ನಮೂದಿಸಬೇಕು. ಹಳೆಯದನ್ನು ಅಳಿಸುವಂತಿಲ್ಲ, ಪಕ್ಕದಲ್ಲಿ ಹೊಸದನ್ನು ಬರೆಯಬೇಕು. ಕಾನೂನೇ ಇಷ್ಟು ಜಾಗ್ರತೆ ವಹಿಸಿರುವಾಗ ಎಲ್ಲವನ್ನೂ ಹೊಸದಾಗಿ ಮಾಡಿಸಿಕೊಳ್ಳುವ ಆತುರ ನಮಗೇಕೆ?

ಗೆಜೆಟ್ ಮಾಡಿಸುವುದು ಇನ್ನೊಂದು ಜನಪ್ರಿಯ ಪರಿಹಾರ. ಆದರೆ ಗೆಜೆಟ್ ಪ್ರಕಟಣೆ ಹೇಳುವುದು ಇನ್ನು ಮುಂದೆ ನನ್ನ ಹೆಸರು ಇದು ಎಂದು. ವೀಸಾ ಅಧಿಕಾರಿಗೆ ಬೇಕಾದ ಉತ್ತರ ಬೇರೆ: ಆ ಮಗು ಹುಟ್ಟಿದಾಗ ಅದರ ತಾಯಿ ಎಂದು ಬರೆಸಿಕೊಂಡವರು ನೀವೇ ಹೌದೇ? ಕಾಯಿಲೆ ಒಂದು, ಕೊಟ್ಟ ಮದ್ದು ಇನ್ನೊಂದು. ಮೇಲಾಗಿ ಮಗ ಅರ್ಜಿ ಹಾಕಿದ ಮೇಲೆ ಸಾಲಾಗಿ ತಿದ್ದಿಸಿದ ಕಾಗದಗಳ ತಾರೀಕು ನೋಡಿದರೆ, ಇಲ್ಲದ ಅನುಮಾನವೂ ಹುಟ್ಟೀತು. ಮೂವತ್ತು ವರ್ಷ ಹಿಂದಿನ, ಹೆಸರು ತುಸು ಬೇರೆಯಿರುವ ಶಾಲಾ ದಾಖಲೆಗಿರುವ ತೂಕ ಹೋದ ತಿಂಗಳು ಮಾಡಿಸಿದ ಸರಿಯಾದ ಪ್ರಮಾಣಪತ್ರಕ್ಕಿಲ್ಲ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ ಎಂಬುದನ್ನೂ ಮರೆಯಬಾರದು.

ಪಾಸ್‌ಪೋರ್ಟಿನ ವಿಷಯ ಮಾತ್ರ ಬೇರೆ. ವೀಸಾ, ವಿಮಾನದ ಟಿಕೆಟ್, ಮುಂದೆ ಗ್ರೀನ್ ಕಾರ್ಡ್ ಎಲ್ಲವೂ ಅದನ್ನೇ ಅನುಸರಿಸುತ್ತವೆ. ಅದರ ಕೆಳಗಿನ ಯಂತ್ರ ಓದುವ ಸಾಲಿನಲ್ಲಿ ಹೆಸರಿಗಿರುವುದು 39 ಸ್ಥಾನ, ಅದೂ ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ. ಅಡ್ಡಹೆಸರಿನ ಜಾಗ ಖಾಲಿ ಬಿಟ್ಟವರ ವೀಸಾದಲ್ಲಿ ಅವರ ಹೆಸರೇ ಅಡ್ಡಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬರುತ್ತದೆ. ಅಮೆರಿಕದಲ್ಲಿ ಬ್ಯಾಂಕು, ಲೈಸೆನ್ಸುಗಳಲ್ಲೂ ಅದೇ ಬೆನ್ನು ಹತ್ತುತ್ತದೆ. 2022ರ ನವೆಂಬರಿನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಾಗ ಗಲ್ಫಿಗೆ ಓಡಾಡುವವರಿಗೆ ಇದರ ಬಿಸಿ ತಟ್ಟಿತ್ತು. ಆದ್ದರಿಂದ ಪಾಸ್‌ಪೋರ್ಟ್ ತಿದ್ದಿಸುವುದಿದ್ದರೆ ವೀಸಾ ಅರ್ಜಿಗೆ ಮೊದಲೇ ತಿದ್ದಿಸಿಕೊಳ್ಳಬೇಕು.

‘ಮುಂಬಯಿಯ ಅಮೆರಿಕನ್ ಕಾನ್ಸುಲೇಟಿನ ಕಿಟಕಿಯಲ್ಲಿ ಕೂತ ಅಧಿಕಾರಿಗೆ ನಮ್ಮ ಕಥೆ ಕೇಳಲು ಪುರುಸೊತ್ತೆಲ್ಲಿ?’ ಎಂಬ ಆಕ್ಷೇಪ ಬಲವಾದದ್ದೇ. ಅದಕ್ಕೇ ಕಥೆ ಒಂದೇ ಪುಟದಲ್ಲಿರಬೇಕು: ಯಾವ ಕಾಗದದಲ್ಲಿ ಯಾವ ಹೆಸರು, ಯಾವ ವರ್ಷದಿಂದ, ಬದಲಾದದ್ದೇಕೆ. ಜತೆಗೆ ಮದುವೆಯ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಎರಡೂ ಹೆಸರು ಒಬ್ಬರದೇ ಎಂದು ಬಲ್ಲ ಹಿರಿಯ ಬಂಧುಗಳ ಅಫಿಡವಿಟ್. 1969ರ ಕಾಯ್ದೆ ಜಾರಿಗೆ ಬಂದದ್ದು 1970ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದವರ ಜನನ ದಾಖಲೆ ಸಿಗದಿದ್ದರೆ ‘ಲಭ್ಯವಿಲ್ಲ’ ಎಂಬ ಪತ್ರದೊಂದಿಗೆ ಇಂಥ ಪೂರಕ ದಾಖಲೆಗಳನ್ನು ಕೊಡಬಹುದು. ಜನ್ಮದಿನ ಹೊಂದದಿರುವುದು, ತಂದೆಯ ಹೆಸರೇ ಬೇರೆಯಿರುವುದು ಕಾಗುಣಿತದ ಪ್ರಶ್ನೆಗಳಲ್ಲ. ಅವಕ್ಕೆ ವಕೀಲರ ಸಲಹೆ ಬೇಕು; ಸಂಬಂಧದ ಬಗ್ಗೆಯೇ ಸಂಶಯ ಬಂದರೆ ಡಿಎನ್‌ಎ ಪರೀಕ್ಷೆಯ ಸೂಚನೆಯೂ ಬರಬಹುದು.

ನೋಟರಿಯ ಬಳಿ ಹೋಗುವ ಮುಂಚೆ ಆ ಒಂದು ಪುಟವನ್ನು ಮನೆಯಲ್ಲೇ ಕೂತು ಬರೆದು ನೋಡಿ. ಹೆಸರುಗಳ ಸರಪಳಿ ಅಲ್ಲಿ ಸ್ಪಷ್ಟವಾಗಿ ಕೂಡಿಬಂದರೆ ತಿದ್ದಿಸಬೇಕೆಂದುಕೊಂಡ ಕಾಗದಗಳಲ್ಲಿ ಹೆಚ್ಚಿನವನ್ನು ಹಾಗೇ ಬಿಡಬಹುದು. ಎಲ್ಲಾದರೂ ಕೊಂಡಿ ತಪ್ಪಿದ್ದರೆ ಹುಡುಕಬೇಕಾದದ್ದು ಅಲ್ಲಿಗೆ ಬೇಕಾದ ಹಳೆಯ ಕಾಗದವನ್ನು. ಅದಿಲ್ಲದೆ ಮಾಡಿಸಿದ ಯಾವ ಗೆಜೆಟ್ಟೂ ಆ ಜಾಗವನ್ನು ತುಂಬಿಕೊಡಲಾರದು.